ಯಾವ ಜನ

ಕಬ್ಬಿನ ತಳಿ ನೋಡಲು ಬಂದವಳು ವಿನಿಫ್ರೆಡ್.
ವಿ.ಸಿ. ಫಾರಂನಲ್ಲಿ ಮೂರು ವಾರ.
ನಾನಲ್ಲಿ ಬಿತ್ತನೆ ತುಂಡುಗಳಿಗೆ ಚೀಟಿ ಕಟ್ಟುವವಳು.
ಕ್ಯಾರಿಯಾಕೂ ಎಂಬ ಅವಳ ದ್ವೀಪ
ಭೂಪಟದಲ್ಲಿ ಸಾಸಿವೆಯಷ್ಟು,
ತೋರಿಸಹೋದ ಬೆರಳೇ ಅದನ್ನು ಮುಚ್ಚಿಬಿಟ್ಟಿತು.

ಗರಿ ಸವರಿ, ಗಿಣ್ಣು ಎಣಿಸಿ,
ಹಲ್ಲಲ್ಲೇ ಸಿಗಿದು, ರಸ ಹೀರಿ, ಸಿಪ್ಪೆ ಉಗಿದು ಅಂದಳು:
"ಈ ಹುಲ್ಲಿಗಾಗಿ ನಮ್ಮವರನ್ನು ಹಡಗಿಗೆ ತುಂಬಿದರು."
ಬೈದಂತಿರಲಿಲ್ಲ.
ದೂರದ ನಂಟರ ಹಳೇ ಜಗಳ ಹೇಳಿದ ಹಾಗಿತ್ತು.
ನಾನು ಮುಂಗೈಯ ಗೀರು ನೋಡಿಕೊಂಡೆ,
ಗರಿ ಕೊಯ್ದದ್ದು.
ಅವಳೂ ತೋಳು ಚಾಚಿದಳು.

ಹೊಳಲು ದಾರಿಯ ಆಲೆಮನೆಗೆ ಕರೆದೊಯ್ದೆ ಒಂದು ಸಂಜೆ.
ನಮ್ಮ ತಾತ ಹೊಂಬಾಳಯ್ಯ ಅಲ್ಲಿ ಒಲೆಗೆ ರಚ್ಚು ಹಾಕುವವನು,
ಬಿಡುವಿದ್ದಾಗ ತಮಟೆಯವನು.
ಮರುದಿನ ಯಾರದೋ ಹೆಣದ ಮುಂದೆ ನಡೆಯಬೇಕಿತ್ತು,
ಒಲೆಬಾಯಿಗೆ ತಮಟೆ ಹಿಡಿದು ಚರ್ಮ ಬಿಗಿಸುತ್ತಿದ್ದ.
ಹದ ನೋಡಲು ಒಂದೇ ಪೆಟ್ಟು ಕೊಟ್ಟ.
ಕಿವಿಗಿಂತ ಮೊದಲು
ಅವಳ ಭುಜಕ್ಕೆ ಅದು ಕೇಳಿಸಿತು.

ನಮ್ಮಲ್ಲಿ ಮೂರು, ಅಂದಳು.
ರಮ್ಮಿನ ಪೀಪಾಯಿ, ಮೇಲೆ ಮೇಕೆಯ ಚರ್ಮ.
ಎರಡು ಒಂದೇ ಮಾತು ಹೇಳುತ್ತವೆ,
ನಡುವಿನದು ಎದುರಾಡುತ್ತದೆ;
ಅದರ ಮುಖಕ್ಕೆ ಅಡ್ಡ ಒಂದು ದಾರ, ದಾರಕ್ಕೆ ಗುಂಡುಸೂಜಿಗಳು,
ಹಲ್ಲು ಕಡಿದ ಸದ್ದು ಬರಲೆಂದು.
ಹೆಸರು ಕಿತ್ತುಕೊಂಡರು, ಮಾತು ಕಿತ್ತುಕೊಂಡರು,
ಹಿಮ್ಮಡಿಯನ್ನು ಯಾರೂ ತಪಾಸಣೆ ಮಾಡಲಿಲ್ಲ.
ಅಲ್ಲಿ ಬಚ್ಚಿಟ್ಟದ್ದು ಉಳಿಯಿತು:
ಇಗ್ಬೋಗಳದೊಂದು ಹೆಜ್ಜೆ, ಮಾಂಡಿಂಗರದೊಂದು, ಕಾಂಗೋದ್ದೊಂದು.
"ನಾನು ಕ್ರೊಮಾಂಟಿ," ಎದೆ ಮುಟ್ಟಿಕೊಂಡಳು.
ಹಾಗೇ ತಿರುಗಿ ತಾತನನ್ನು ಕೇಳಿದಳು,
"ನೀವು ಯಾವ ಜನ?"

ಕನ್ನಡಕ್ಕೆ ತರಬೇಕಾದವಳು ನಾನು.
ತರಲಿಲ್ಲ.

ಮಂಡ್ಯದಲ್ಲಿ ಬಾಡಿಗೆ ಮನೆ ಹುಡುಕಿದ ಬೇಸಿಗೆಯಲ್ಲಿ
ಆ ಪ್ರಶ್ನೆಯ ಎಲ್ಲ ವೇಷ ಕಂಡಿದ್ದೇನೆ.
ಮೊದಲು ಅಪ್ಪನ ಹೆಸರು, ಆಮೇಲೆ ಊರು,
ಆಮೇಲೆ ಮೆಲ್ಲಗೆ, ನಗುತ್ತ, "ಊರಲ್ಲಿ ಯಾವ ಕಡೆ?"
ಆಮೇಲೆ ಮನೆ ಖಾಲಿ ಇಲ್ಲ.

"ಮೇಳದ ವಿಚಾರ ಕೇಳ್ತಾವ್ರೆ ತಾತ," ಅಂದೆ.
ಅವನು ಒಪ್ಪಲಿಲ್ಲ.
"ಎದೆ ಮುಟ್ಕಂಡು ಕೇಳ್ತಾವ್ಳೆ ಕಣವ್ವ.
ನಮ್ಮನ್ನ ಹಂಗೆ ಯಾರು ಕೇಳಿದ್ರು ಇಷ್ಟು ದಿನ?"

ಎದ್ದ. ಬಡಿದ.
ಹೆಣದ್ದಲ್ಲ, ಡಂಗುರದ್ದಲ್ಲ,
ನಮ್ಮ ಕೇರಿಯೊಳಗೆ ಮಾತ್ರ,
ಕೂಸು ಹುಟ್ಟಿದ ರಾತ್ರಿ ಬಡಿಯುವುದು,
ಊರು ಎಂದೂ ಕೇಳಿಲ್ಲದ್ದು.

ವಿನಿಫ್ರೆಡ್ ಚಪ್ಪಲಿ ಬಿಟ್ಟಳು.
ರಮ್ ಇಲ್ಲದಲ್ಲಿ ಕಬ್ಬಿನ ಹಾಲೇ ಆಗಲೆಂದು
ಒಂದು ಚೊಂಬು ಇಸಿದುಕೊಂಡು ನೆಲ ತೋಯಿಸಿದಳು,
ಮಂಡಿಯೂರಿ ಹಿರಿಯರಲ್ಲಿ ತಪ್ಪೊಪ್ಪಿಕೊಂಡಳು
(ಏನು ತಪ್ಪೋ, ನಾನು ಕೇಳಲಿಲ್ಲ).
ಕಾಲಿನಿಂದ ಒಂದು ಸುತ್ತು ಗೀಚಿ
ಯಾರನ್ನೂ ಒಳಗೆ ಬಿಡಲಿಲ್ಲ.
"ಮೊದಲು ಅವರು."
ತಮಟೆ ಬಡಿಯುತ್ತಲೇ ಇತ್ತು, ಸುತ್ತು ಖಾಲಿ ಇತ್ತು,
ಕೊಪ್ಪರಿಗೆಯ ಹಬೆ ಒಮ್ಮೆ ಅಡ್ಡ ಹಾದುಹೋಯಿತು.
ಕಬ್ಬಿನ ಹೊರೆ ಹೊತ್ತ ಹುಡುಗರು ಇಳಿಸುವುದನ್ನೇ ಮರೆತಿದ್ದರು.

ಆಮೇಲೆ ಅವಳು. ಲಂಗದ ಎರಡು ತುದಿ ಹಿಡಿದು,
ಬಾಗಿ, ಎದ್ದು, ತಮಟೆಗೆ ಸವಾಲು ಹಾಕಿ;
ಎಪ್ಪತ್ತರ ತಾತ ಸವಾಲಿಗೆ ಸವಾಲು.
ಕೈ ಚಾಚಿ ನನ್ನನ್ನು ಕರೆದಳು.
ನಮ್ಮಲ್ಲಿ ಹೆಂಗಸರು ತಮಟೆಗೆ ಕುಣಿಯುವುದಿಲ್ಲ,
ಹೇಳಬೇಕೆನ್ನುವಷ್ಟರಲ್ಲಿ ಒಳಗಿದ್ದೆ.
ಕೊರಳಿನ ಆಫೀಸು ಬಿಲ್ಲೆ ಎದೆಗೆ ಬಡಿಯುತ್ತಿತ್ತು
ತಾಳ ತಪ್ಪಿ, ಆಮೇಲೆ ತಪ್ಪದೆ.

ಆ ಅಡುಗೆಯ ಪಾಕ ಹದ ಮೀರಿತು.
ಆಲೆಮನೆಯ ಯಜಮಾನ ನಮ್ಮ ಮೂವರಿಗೂ
ಒಂದೇ ಬೈಗುಳ ಹಂಚಿದ.

ಸೀದು ಕಪ್ಪಾದ ಬೆಲ್ಲದ ಅಚ್ಚೊಂದನ್ನು
ದ್ವೀಪಕ್ಕೆ ಒಯ್ಯುತ್ತೇನೆಂದಳು.
ರೂಢಿ ಬಿಡದೆ ಅದಕ್ಕೂ ಚೀಟಿ ಕಟ್ಟಿದೆ:
ತಾರೀಕು, ತಾಕು, ಕಡಿದ ದಿನ.
ತಳಿ ಎಂಬಲ್ಲಿ ಪೆನ್ನು ನಿಂತಿತು.

ತಾತ ಇಣುಕಿ ನೋಡಿ,
"ಜಗ್ಣಕ ಣಕ ಅಂತ ಬರಿ," ಅಂದ.
ಬರೆದೆ.