ಬೇತಮಂಗಲ ರಸ್ತೆಯ ಭಟ್ಟಿ

ನಲವತ್ತು ಮೂಟೆ ನೀಲಗಿರಿ ಎಲೆ ತುಳಿದು ತುಂಬಿದರೆ
ಬೆಳಗಿನ ಜಾವಕ್ಕೆ ಒಂದು ಕ್ಯಾನು.
ಕ್ಯಾನಿನಿಂದ ಔಷಧಿ ಅಂಗಡಿಯ ಸೀಸೆಗೆ,
ಸೀಸೆಯಿಂದ ಯಾರದೋ ಕರವಸ್ತ್ರದ ಮೂಲೆಗೆ
ಒಂದು ಹನಿ.
ಅಷ್ಟು ದೂರ ಬರೋದಕ್ಕೆ ಅಷ್ಟು ಬೆಂಕಿ.

ಅಪ್ಪ ಪ್ಯಾರೇಜಾನ್ ಗಡಿಯಾರ ಕಟ್ಟಿದವನಲ್ಲ.
ಡ್ರಮ್ಮಿನ ಹತ್ತಿರ ಕಿವಿ ತಂದು
"ಇನ್ನೂ ಗೊಣಗ್ತಾ ಇದೆ, ಬಿಡು" ಅನ್ನೋನು.
ಹಬೆ ನಳಿಗೆಯಲ್ಲಿ ಇಳಿದು
ತೊಟ್ಟಿಯ ತಣ್ಣೀರಿಗೆ ಬೆಚ್ಚಿಬಿದ್ದು
ಎರಡಾಗಿ ಬರುತ್ತಿತ್ತು: ಕೆಳಗೆ ನೀರು, ಮೇಲೆ ಎಣ್ಣೆ,
ಪಾಲಾದ ಮೇಲೂ ಒಂದೇ ಮನೆಯಲ್ಲಿರುವ ಅಣ್ಣತಮ್ಮಂದಿರ ಹಾಗೆ.

ಈ ವಿದ್ಯೆ ಯಾರದು ಅಂತ ಕೇಳಿದ್ದೆ ಒಮ್ಮೆ.
ತಾತನ ತಾತ ಗುಲಾಬಿ ಇಳಿಸಿದವನಂತೆ,
ತಾಮ್ರದ ಹಂಡೆ, ಬಿದಿರಿನ ಕೊಳವೆ, ಸಂದಿಗೆ ಮೆತ್ತಿದ ಜೇಡಿ.
ಅವನಿಗೂ ಬಹಳ ಮೊದಲು ಯಾವಳೋ ಒಬ್ಬಳು
ಸೊಪ್ಪು ಬೇಯಿಸುವಾಗ ಮುಚ್ಚಳ ಎತ್ತಿ
ಅದರ ಒಳಮೈಯ ಬೆವರು ನೆಕ್ಕಿ ನೋಡಿದ್ದಳಂತೆ.
"ಮುಚ್ಚಳದಿಂದಲೇ ಶುರು ಎಲ್ಲಾ" ಅಂದ.
ಸುಳ್ಳಿರಬಹುದು. ನನಗೆ ಆ ಹೆಂಗಸು ಇಷ್ಟ.

ಮರದ ಮೇಲೆ ಊರಿಗೆ ಪ್ರೀತಿ ಇರಲಿಲ್ಲ.
ಬಾವಿ ಕುಡಿಯಿತು, ಬೋರು ಕುಡಿಯಿತು,
ಕೆರೆಯಂಗಳದ ಬಿರುಕಿಗೂ ಬೇರು ಬಿಟ್ಟಿತು ಅಂತ ಬೈಗುಳ.
ನೆಗಡಿ ಬಂದರೆ ಬೈದವರೇ
ಕಂಬಳಿ ಹೊದ್ದು ಕುದಿನೀರಿಗೆ ಬಾಗಿ
ಮೂಗು ಕಣ್ಣು ಸುರಿಸಿಕೊಂಡು
"ಉಸ್ಸಪ್ಪಾ" ಅಂತ ಏಳೋರು.

ಸವರಿಮುತ್ತು ಶನಿವಾರ ಬರುತ್ತಿದ್ದ, ಕೋಲೂರಿಕೊಂಡು.
ಗಣಿ ಮುಚ್ಚಿ ವರ್ಷಗಳಾಗಿದ್ದವು,
ಅವನ ಎದೆಯೊಳಗೆ ಮುಚ್ಚಿರಲಿಲ್ಲ.
ಕೆಮ್ಮಿದರೆ ಆಳದಲ್ಲೆಲ್ಲೋ ಟ್ರಾಲಿ ಉರುಳಿದ ಸದ್ದು.
ಅಪ್ಪ ಅವನಿಗೆ ಸುಳ್ಳು ಹೇಳಲಿಲ್ಲ:
"ಮುತ್ತಣ್ಣ, ಕಲ್ಲಿನ ಧೂಳು ಇದಕ್ಕೆ ಕರಗಲ್ಲ.
ದಾರಿ ಒಂಚೂರು ಅಗಲ ಆದಂಗೆ ಅನ್ನಿಸತ್ತೆ, ಅಷ್ಟೇ.
ಆಸ್ಪತ್ರೆ ಮಾತ್ರೆ ಬಿಡಬೇಡ."
ಬಿಡಲಿಲ್ಲ ಅವನು. ಇಲ್ಲಿಗೆ ಬರುವುದನ್ನೂ ಬಿಡಲಿಲ್ಲ.
ಒಲೆಯ ಪಕ್ಕ ಕಲ್ಲಿನ ಮೇಲೆ ಕೂತು
ಗಾಳಿ ತಿರುಗಿದ ಕಡೆ ಮುಖ ತಿರುಗಿಸುತ್ತಾ
ಒಂದು ದಿನ ಅಂದ:
"ಮೂವತ್ತು ವರ್ಷ ಕೆಳಗೆ ಮದ್ದಿನ ವಾಸನೆ ಕುಡಿದೆ,
ಬಂಡೆ ಸಿಡಿಸೋ ಮದ್ದು.
ಇದೂ ಮದ್ದೇ ಅಂತೀರ.
ನಮ್ಮ ತಮಿಳಲ್ಲೂ ಹಂಗೇ, ಎರಡಕ್ಕೂ ಒಂದೇ ಹೆಸರು.
ಹೆಸರಿಟ್ಟವನು ಗಣಿಗೆ ಇಳಿದಿರಲಿಲ್ಲ, ಬಿಡು."
ನಗಲು ಹೋಗಿ ಕೆಮ್ಮಿದ.

ಅವನು ಹೋದ ಎರಡು ತಿಂಗಳಿಗೆ
ಅಮಲೋರ್ಪವಮ್ಮ ಬಂದಳು, ಖಾಲಿ ಸೀಸೆ ಹಿಡಿದು.
"ಯಾರಿಗೆ ನೆಗಡಿ?" ಅಂದೆ, ಪೆದ್ದಿ ನಾನು.
ಯಾರಿಗೂ ಇಲ್ಲ.
ತಿಳಿಯದೆ ಸೊಸೆ ದಿಂಬಿನ ಗವಸು ಒಗೆದುಬಿಟ್ಟಳಂತೆ.

ಅಪ್ಪ ಸೀಸೆಯ ಕುತ್ತಿಗೆವರೆಗೂ ತುಂಬಿಸಿದ.
ದುಡ್ಡು ಬೇಡ ಅಂದರೂ ಅವಳು
ಐದರ ನಾಣ್ಯ ಕಟ್ಟೆಯ ಮೇಲಿಟ್ಟು
ಬಸ್ಸಿನ ಕಡೆ ನಡೆದಳು, ಸೀಸೆ ಸೆರಗಿನೊಳಗೆ.

ಈಗ ಜೆಸಿಬಿ ಬಂದು ಬೊಡ್ಡೆ ಕೀಳುತ್ತಿದೆ.
ಒಳ್ಳೆಯದೇ. ಬಾವಿಗೆ ನೀರು ಬರಲಿ.
ಅಪ್ಪ ಮಾತಾಡದೆ ನಳಿಗೆ ಬಿಚ್ಚಿದ.
ಗುಜರಿಯವನು ತಕ್ಕಡಿ ಸರಿಮಾಡುವಷ್ಟರಲ್ಲಿ
ಯಾರೂ ನೋಡದಾಗ
ಮುಚ್ಚಳ ಮಗುಚಿ ಒಳಮೈಗೆ ನಾಲಿಗೆ ತಾಗಿಸಿದೆ.
ತುಕ್ಕು.
ತುಕ್ಕಿನಾಚೆ ತೆಳ್ಳಗೆ, ಜುಂ ಅನ್ನುವ ಇನ್ನೊಂದು.