ಇಳಿತದ ಹೊತ್ತು

ಬೆಳಗಿನ ಆರೂವರೆಗೆ ಕಡಲು ಹಿಂದೆ ಸರಿಯುತ್ತದೆ.
ಗಾಡಿಯ ಮೂತಿಗೆ ಕಟ್ಟಿದ ಪತ್ತೆಯಂತ್ರ
ದಂಡೆಯನ್ನು ಸಾಲು ಸಾಲಾಗಿ ಉಳುತ್ತದೆ,
ಏನನ್ನೂ ಬಿತ್ತದೆ.
ನಾನು ಈಶ್ಬೆಲ್ ಸ್ವಾನ್ಸನ್. ಇಪ್ಪತ್ತಮೂರು ವರ್ಷದಿಂದ
ಮರಳಿನಲ್ಲಿ ಮರಳಲ್ಲದ್ದನ್ನು ಹುಡುಕುವುದು ನನ್ನ ಕೆಲಸ.
ಬಾರ್ಲಿಯಲ್ಲಿ ಕಲ್ಲು ಆರಿಸುವ ಕೆಲಸವೇ ಬಿಡು
ಅನ್ನುತ್ತಿದ್ದಳು ಅಜ್ಜಿ. ಕಲ್ಲು ಕಣ್ಣಿಗೆ ಕಾಣುತ್ತದಲ್ಲ ಅಜ್ಜಿ.

ಇವತ್ತು ಗಾಡಿಯ ರೇಡಿಯೋದಲ್ಲಿ ಮಂತ್ರಿಯ ದನಿ,
ಎಡಿನ್‌ಬರೋದ ಬೆಚ್ಚಗಿನ ಕೋಣೆಯಿಂದ:
ಹೊಸ ಅಣುಸ್ಥಾವರ ನಮ್ಮ ನೆಲದಲ್ಲಿ ಬೇಡ.
ಹೋದ ಚುನಾವಣೆಗೂ ಬೇಡ, ಅದರ ಹಿಂದಿನದಕ್ಕೂ ಬೇಡ,
ಬರುವ ಚುನಾವಣೆಗೆ...
ಅಷ್ಟರಲ್ಲಿ ಗಾಳಿ ಬೀಸಿತು, ಕೇಳಿಸಲಿಲ್ಲ.

ಲಂಡನ್ನಿಗೆ ಬೇಕಂತೆ.
ಕರೆಂಟಿನ ಮಾತು ಅವರದು, ನೆಲದ ಪರವಾನಗಿ ಇವರದು.
ದೀಪ ಒಬ್ಬರದು, ದೀಪವಿಡುವ ಗೂಡು ಇನ್ನೊಬ್ಬರದು.
ಗೂಡಿಗೆ ಹತ್ತಿದ ಮಸಿ ನಾವು,
ಈ ಉತ್ತರದ ತುದಿಯವರು.

ಶಾಲೆಯಲ್ಲಿದ್ದಾಗ ಗೋಳ ತೋರಿಸಲು ಕರೆದೊಯ್ದಿದ್ದರು.
ಬೆಳ್ಳಗೆ, ಚಂದ್ರ ಹೊಲಕ್ಕೆ ಇಳಿದು ಕೂತ ಹಾಗೆ.
ಆಳಿಗೊಂದು ಪೆನ್ಸಿಲ್ಲು, ಅದರ ಮೇಲೂ ಗೋಳ.
ಆ ಪೆನ್ಸಿಲ್ಲಿನಲ್ಲೇ ಮಗ್ಗಿ ಬರೆದೆ, ಮೊಂಡಾಗುವ ತನಕ.
ಸುಳ್ಳು ಯಾಕೆ, ಹೆಮ್ಮೆಯಿತ್ತು.

ಭಾವ ಎರ್ಲೆಂಡ್‌ನ ಅಪ್ಪ ಆ ಗೋಳ ಬೆಸೆದವನು.
ಎರ್ಲೆಂಡ್ ಈಗ ಅದನ್ನು ಕೊಯ್ಯುವವನು.
"ಕೊಯ್ದು ಮುಗಿದ ಮೇಲೆ ಇಲ್ಲಿ ತಿನ್ನುವುದೇನು,
ಮೀನು ಹಿಡಿಯಬಾರದ ಕಡಲನ್ನೇ?"
ಅವನ ಮಗಳು ರೋನಾ ಗಾಳಿಯಂತ್ರಗಳಿಗೆ ದೋಣಿ ನಡೆಸುತ್ತಾಳೆ.
ಒಂದೇ ಮೇಜು, ಒಂದೇ ಪಾತ್ರೆಯ ಸೂಪು.
ಮಂತ್ರಿಯ 'ಬೇಡ' ಉಪ್ಪಿನ ಡಬ್ಬಿಯಂತೆ ನಡುವೆ ಕೂತಿತ್ತು.
ಕೇಳಲು ಇಬ್ಬರಿಗೂ ಬಿಗುಮಾನ.
ಸಪ್ಪೆ ಸೂಪು ಕುಡಿದು ಎದ್ದರು.

ಹೋದ ತಿಂಗಳು ಪುರಭವನಕ್ಕೆ ಒಬ್ಬ ಅಧಿಕಾರಿ ಬಂದಿದ್ದ,
ಪಾಪ, ಬೂಟು ಪೂರ್ತಿ ಒದ್ದೆ.
ಹಾಳೆ ಹಂಚಿದ: ಪರವೋ, ವಿರೋಧವೋ, ಇತರೆಯೋ.
ಇತರೆಯಲ್ಲಿ ಬರೆದೆ:
ನನಗೆ ಸಿಕ್ಕಿದ್ದನ್ನೆಲ್ಲ ಕೊನೆಗೆ ಎಲ್ಲಿಡುತ್ತೀರಿ?
ಓದಿದ. ಎರಡು ಸಲ ಓದಿದ.
ಮಡಿಸಿ ಒಳಜೇಬಿಗೆ ಹಾಕಿಕೊಂಡ,
ಉಳಿದ ಹಾಳೆಗಳ ಜೊತೆ ಸೇರಿಸಲಿಲ್ಲ.

ಹದಿನಾಲ್ಕನೇ ಸಾಲಿನಲ್ಲಿ ಕಿವಿಯೊಳಗೆ ಸದ್ದು ಏರಿತು.
ಗಾಡಿ ನಿಲ್ಲಿಸಿದೆ. ಸಲಿಕೆ. ಒಂದು ಗೇಣು. ಇನ್ನೊಂದು ಬೆರಳು.
ಸಾಸಿವೆಗಿಂತ ಸಣ್ಣದು,
ಡಬ್ಬಿಯೊಳಗೆ ಹಾಕಿ ನಂಬರು ಬರೆದೆ.
ಮೂವತ್ತು ವರ್ಷಕ್ಕೆ ಇದರ ಕಾವು ಅರ್ಧ,
ಮತ್ತೆ ಮೂವತ್ತಕ್ಕೆ ಅರ್ಧದರ್ಧ.
ಸರಕಾರದ್ದು ಐದೈದು ವರ್ಷದ ಲೆಕ್ಕ.

ಬೇಡ ಅನ್ನುವುದು ಇನ್ನೂ ಬಾರದ್ದಕ್ಕೆ.
ಇಲ್ಲ ಅನ್ನುವುದು ಹೋಗಿಬಿಟ್ಟದ್ದಕ್ಕೆ.
ಡಬ್ಬಿಯಲ್ಲಿರುವುದಕ್ಕೆ ಎರಡೂ ಒಗ್ಗುವುದಿಲ್ಲ.
ಇದು ಇದೆ.
ಬೇಡವೆಂದವರು ತಪ್ಪೆಂದು ಹೇಳುತ್ತಿಲ್ಲ ನಾನು.
ಬೇಕೆಂದಿದ್ದರೆ ಎರ್ಲೆಂಡ್ ಕುಣಿಯುತ್ತಿದ್ದ,
ನನ್ನ ಮೊಮ್ಮಗಳ ಕಾಲದಲ್ಲಿ ಇನ್ನೊಬ್ಬಳು ಈಶ್ಬೆಲ್
ಇನ್ನೊಂದು ದಂಡೆಯಲ್ಲಿ ಗಾಡಿ ನಿಲ್ಲಿಸುತ್ತಿದ್ದಳೋ ಏನೋ.
ಗೊತ್ತಿಲ್ಲ. ನನಗೆ ಗೊತ್ತಿರುವುದು ಸದ್ದು ಏರುವುದು ಮಾತ್ರ.

ನಾಯಿ ಸುತ್ತಾಡಿಸುವ ಮುದುಕ ಬೇನ್ ದೂರದಿಂದ ಕೂಗಿದ:
"ಸಿಕ್ಕಿತಾ?"
"ಒಂದು."
"ಹಾಗಾದರೆ ಉಳಿದದ್ದೆಲ್ಲ ಬರೀ ಮರಳು!"
ಅಂದ, ಖುಷಿಯಿಂದಲೇ ಅಂದ.
ಅಷ್ಟರಲ್ಲಿ ಭರತ ಶುರುವಾಗಿ
ನನ್ನ ಹದಿನಾಲ್ಕು ಸಾಲನ್ನೂ ಅಳಿಸತೊಡಗಿತು.

ಮನೆಗೆ ಹೋಗಿ ಕೆಟಲಿನ ಗುಂಡಿ ಒತ್ತಿದೆ.
ನೀರು ಕುದಿಯಿತು.
ಯಾವ ಕರೆಂಟು ಎಂದು ಅದು ಹೇಳಲಿಲ್ಲ.
ನಾನೂ ಕೇಳಲಿಲ್ಲ,
ಕೈ ಮರಗಟ್ಟಿತ್ತು.