ಜಂಟಿಯಾಗಿಯೂ ಪ್ರತ್ಯೇಕವಾಗಿಯೂ

ಮೂರು ಕಡೆ ಸಹಿ ಹಾಕಿದ್ದೆ ಅಂದು, ಹೋಳಿಗೆಯ ಕಣಕ
ಬೆರಳಿಗೆ ಇನ್ನೂ ಮೆತ್ತಿಕೊಂಡಿತ್ತು.
ಆಡಿಟರ್ ಪ್ರಾಣೇಶ ತಮ್ಮ ಪೆನ್ನು ಒರೆಸಿಕೊಳ್ಳುತ್ತ ಅಂದರು:
"ನೀವೇನೂ ಮಾಡೋದಿಲ್ಲ ಅಕ್ಕಾರ, ಸ್ಲೀಪಿಂಗ್ ಪಾರ್ಟ್ನರ್."
ಹನ್ನೊಂದು ವರ್ಷ ಆ ಪತ್ರದೊಳಗೆ
ನಿದ್ದೆ ಮಾಡಿದೆ.

ಸಿಂಧನೂರು ರಸ್ತೆಗೆ ನಮ್ಮ ಗಿರಣಿ.
ತಗಡಿನ ಮೇಲೆ ನನ್ನ ಹೆಸರು, ನನಗಿಂತ ಎತ್ತರ:
ಶ್ರೀ ಪಂಪಾವತಿ ರೈಸ್ ಇಂಡಸ್ಟ್ರೀಸ್, ಗಂಗಾವತಿ.
ಆಯುಧಪೂಜೆಗೆ ವರ್ಷಕ್ಕೊಮ್ಮೆ ಕಾರಿನಲ್ಲಿ ಹೋಗಿ
ಎಲಿವೇಟರಿಗೆ ಕುಂಕುಮ ಹಚ್ಚಿ ಬರುತ್ತಿದ್ದೆ.

ಆಮೇಲೆ ಇಪ್ಪತ್ತೈದು ಕಿಲೋ ಚೀಲಕ್ಕೆ ತೆರಿಗೆ ಬಂತು.
ಊರಿನ ಗಿರಣಿಗಳು ರಾತ್ರೋರಾತ್ರಿ
ಇಪ್ಪತ್ತಾರರ ಚೀಲ ಹೊಲಿದವು.
ಅದೇ ಸೋನಾ ಮಸೂರಿ, ಚೀಲದ ಮೇಲೆ ಅದೇ ನವಿಲು.
ಒಂದು ಕಿಲೋ ಬೇಲಿ ಹಾರಿ
ಉಳಿದ ಇಪ್ಪತ್ತೈದನ್ನೂ ಕೈಹಿಡಿದು ಎಳಕೊಂಡಿತು.
ಊಟಕ್ಕೆ ಕೂತ ಇವರು ನಕ್ಕರು:
"ಕಾಯ್ದೆ ಅಂದ್ರ ತಕ್ಕಡಿ. ಯಾವ ಪರಡಿ ಮುಟ್ಟಬೇಕು,
ಅಷ್ಟು ಗೊತ್ತಿದ್ರ ಸಾಕು."
ನಾನೂ ನಕ್ಕೆ. ತುಪ್ಪ ಬಡಿಸಿದೆ.

ಯಮನೂರಪ್ಪನನ್ನು ನೋಡಿದ್ದು ಎರಡೇ ಸಲ.
ಒಮ್ಮೆ ಪೂಜೆಯ ದಿನ, ಬಾಳೆಕಂಬ ಕಟ್ಟುತ್ತಿದ್ದ.
ಇನ್ನೊಮ್ಮೆ ಕೊಪ್ಪಳದ ಆಸ್ಪತ್ರೆಯಲ್ಲಿ.
ಬಲಗೈ ಮೊಣಕೈಗೆ ಮುಗಿದಿತ್ತು.
ಬೆಲ್ಟಿಗೆ ಜಾಲರಿ ಇರಲಿಲ್ಲ. ಇಲ್ಲ, ಇತ್ತು;
ರಿಪೇರಿಗೆಂದು ಬಿಚ್ಚಿ ಗೋಡೆಗೆ ಒರಗಿಸಿದ್ದರು,
ಅದರ ಮೇಲೆ ಯಾರದೋ ಟವೆಲ್ಲು ಒಣಗುತ್ತಿತ್ತು.
ಅವನ ಹೆಂಡತಿ ಹುಲಿಗೆಮ್ಮ ನನ್ನ ಮುಖ ನೋಡಿ ಕೇಳಿದಳು:
"ಗಿರಣಿ ನಿಮ್ಮದೇನ್ರಿ ಅಕ್ಕಾರ?"
ಮೋಸಂಬಿ ಚೀಲ ಅವಳ ಕೈಗಿಟ್ಟು
ಮೆಟ್ಟಿಲಿಳಿದೆ.

ಅವ ನಮ್ಮ ಆಳಲ್ಲ, ಮೇಸ್ತ್ರಿಯ ಆಳು, ಅಂದರು ಇವರು.
ನನಗೆ ಲೈಸೆನ್ಸೇ ಇಲ್ಲ, ಅಂದ ಮೇಸ್ತ್ರಿ.
ಪಾಲಿಸಿ ಮಾರ್ಚಿಗೇ ತೀರಿದೆ, ಅಂದ ವಿಮೆಯವ.
ಮಷೀನು ಮಾರಿದವ ಕೊಯಮತ್ತೂರಿನಿಂದ ಫೋನಿನಲ್ಲಿ:
ಪುಟ ನಲವತ್ತೆರಡು ಓದಿರಿ.
ಹೊಣೆಯೆಂದರೆ ಒಲೆಯಿಂದ ಇಳಿಸಿದ ಪಾತ್ರೆ.
ಕೈಗೆ ಬಂದವರೆಲ್ಲ ಮುಂದಕ್ಕೆ ದಾಟಿಸಿದರು;
ಕೊನೆಗೆ ಸೆರಗಿದ್ದವಳ ಹತ್ತಿರ ಬಂತು.

ರಿಜಿಸ್ಟರ್ ಅಂಚೆ. ಎದುರುದಾರರು ನಂಬರ್ ಎರಡು:
ಪಂಪಾವತಿ ಗಂಡ ವಿರೂಪಣ್ಣ, ವಯಸ್ಸು ನಲವತ್ತೊಂಬತ್ತು,
ಉದ್ಯೋಗ: ವ್ಯಾಪಾರ.
ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ಮಗಳ ಶಾಲೆಯ ಅರ್ಜಿಯಲ್ಲಿ
ಮನೆಗೆಲಸ ಅಂತಿದ್ದವಳು ನಾನು.
ಆ ಒಂದು ಸಾಲು ಮತ್ತೆ ಮತ್ತೆ ಓದಿದೆ. ನಾಚಿಕೆಯಾಯಿತು,
ಒಳಗೆಲ್ಲೋ ಸ್ವಲ್ಪ ಖುಷಿಯೂ.

ಖಾದ್ರಿ ವಕೀಲರ ಕಚೇರಿಯಲ್ಲಿ ಫ್ಯಾನು ನಿಂತಿತ್ತು.
ಇಪ್ಪತ್ತೊಂಬತ್ತು ಕಾಯ್ದೆ ಕೂಡಿ ಈಗ ನಾಲ್ಕಾಗ್ಯಾವ, ಅಂದರು.
ಹಾಗಾದರೆ ಅವನ್ನೂ ಗಿರಣಿಗೆ ಹಾಕಿದ್ದಾರೆ, ಅಂದುಕೊಂಡೆ;
ತೌಡೆಷ್ಟು ಬಿತ್ತು, ನುಚ್ಚೆಷ್ಟು, ಯಾರು ಕೇರಿ ನೋಡಿದರು?
ನಮ್ಮ ಪತ್ರದ ಏಳನೇ ಕಲಮಿನ ಮೇಲೆ ಅವರ ಬೆರಳು:
ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು.
"ಅಂದ್ರ, ಅವರಿಂದ ಆಗದಿದ್ರ ಪೂರ್ತಿ ನಿಮ್ಮಿಂದ.
ಮನಿ, ಕಾಲುವೆ ಬಾಜೂಕಿನ ನಾಲ್ಕೆಕರೆ, ತವರಿನ ಬಂಗಾರ."
ಅಕ್ಕಿಕಾಳು ಬಿದ್ದ ದಿನ
ಇಷ್ಟು ಬಿಗಿಯಾಗಿ ಯಾರೂ ಗಂಟು ಹಾಕಿರಲಿಲ್ಲ.

ರಾತ್ರಿ ಇವರು ಇನ್ನೊಂದು ಕಾಗದ ತಂದರು.
ಹೋದ ವರ್ಷದ ಛಾಪಾ, ಹೋದ ವರ್ಷದ ತಾರೀಕು,
ನಾನು ಆಗಲೇ ಪಾಲುದಾರಿಕೆ ಬಿಟ್ಟಿದ್ದೇನೆ ಅಂತ.
"ನಿನ್ನ ಸಲುವಾಗಿನ ಮಾಡಿಸೀನಿ," ಅಂದರು. ಸುಳ್ಳಲ್ಲ ಅದು,
ದನಿ ಒಡೆದಿತ್ತು.
ನಾಲ್ಕನೆಯ ಸಹಿಗೆ ಜಾಗ ಖಾಲಿಯಿತ್ತು.
ಬೇಲಿ ಅಷ್ಟೇನೂ ಎತ್ತರವಿರಲಿಲ್ಲ.
ಪೆನ್ನಿನ ಟೋಪಿ ಮುಚ್ಚಿ, ಹಾಲಿಗೆ ಹೆಪ್ಪು ಹಾಕಲು ಎದ್ದೆ.

ಬೆಳಿಗ್ಗೆ ಆಟೋ ಮಾಡಿಕೊಂಡು ಹೋದೆ, ಪೂಜೆಯಲ್ಲದ ದಿನ.
ಹೊಟ್ಟಿನ ರಾಶಿಯ ಮೇಲೆ ಗುಬ್ಬಿಗಳು.
ಗೇಟಿನ ಕಾವಲುಗಾರ ತಡೆದ: "ಯಾರು ಬೇಕ್ರಿ?"
ಮೇಲೆ ತಗಡಿನತ್ತ ಕೈ ತೋರಿಸಿದೆ.
ಅವನು ಕತ್ತೆತ್ತಿ ನೋಡಿದ, ನನ್ನನ್ನು ನೋಡಿದ.
ಅವನಿಗೆ ಓದಲು ಬರುತ್ತಿರಲಿಲ್ಲ.
ಬಾಯಿಬಿಟ್ಟು ಹೇಳಬೇಕಾಯಿತು.